ತೆರೆಯದ ಅಂಗಡಿ: ಕಂಪ್ಯೂಟರಿನೊಳಗಿನ ‘ಸ್ಟೋರ್’ ಮುಚ್ಚಿಕೊಂಡಾಗ ಮಾಡತಕ್ಕದ್ದೇನು?

ಕಳೆದ ತಿಂಗಳಿನ ಒಂದು ಸಂಜೆ, ಮರುದಿನದ ಪತ್ರಿಕೆಯ ಕೊನೆಯ ಪುಟವನ್ನು ಅಚ್ಚಿಗೆ ಕಳುಹಿಸುವ ಗಡಿಬಿಡಿಯಲ್ಲಿ ನಾವಿದ್ದಾಗ, ಮಾಟುಂಗದ ಕಡೆಯ ಹೊಟೇಲೊಂದರ ಗಲ್ಲೆಯಲ್ಲಿ ಕುಳಿತುಕೊಳ್ಳುವ ತರುಣನೊಬ್ಬನು ಕಂಕುಳಲ್ಲಿ ಲ್ಯಾಪ್‌ಟಾಪನ್ನು ಇರುಕಿಕೊಂಡು ನಮ್ಮ ಕಚೇರಿಯ ಮೆಟ್ಟಿಲೇರಿ ಬಂದನು. ಮುಖ ಬಾಡಿತ್ತು. “ಎಂತದಾಯ್ತು ಮಾರಾಯಾ?” ಎಂದು ಕೇಳಿದೆವು.

“ಯಜಮಾನರೇ, ಇದರೊಳಗಿನ ಸ್ಟೋರ್ ತೆರೆಯುವುದಿಲ್ಲ. ರಿಪೇರಿಯವನಿಗೆ ತೋರಿಸಿದೆ. ಎಲ್ಲ ಅಳಿಸಿ ಹೊಸದಾಗಿ ಹಾಕಬೇಕು, ಎರಡು ಸಾವಿರ ಆಗ್ತದೆ ಅಂದ. ನಾಳೆ ಬೆಳಿಗ್ಗೆ ಕೊಡಬೇಕು. ಕೊಡುವ ಮುಂಚೆ ನಿಮಗೊಮ್ಮೆ ತೋರಿಸುವ ಅಂತ ಬಂದೆ” ಎಂದನು.

ಗಲ್ಲೆಯ ಹುಡುಗನಿಗೆ ಎರಡು ಸಾವಿರ ರೂಪಾಯಿ ಅಲ್ಪ ಮೊತ್ತವಲ್ಲ. ಆದರೆ ಅವನ ಮುಖ ಬಾಡಿದ್ದುದು ಹಣದ ಚಿಂತೆಯಿಂದಲ್ಲವೆಂಬುದು ಮತ್ತೆರಡು ಮಾತುಗಳಲ್ಲಿ ತಿಳಿದುಬಂತು. ಊರಿನ ತಾಳಮದ್ದಲೆಗಳಲ್ಲಿ ಅರ್ಥ ಹೇಳುತ್ತಿದ್ದ ಅವನ ತಂದೆಯವರು ತೀರಿಕೊಂಡು ಎರಡು ವರ್ಷಗಳಾದುವು. ಅವರ ಅರ್ಥಗಾರಿಕೆಯನ್ನು ಅವನು ರಜೆಯಲ್ಲಿ ಊರಿಗೆ ಹೋದಾಗಲೆಲ್ಲ ತನ್ನ ಫೋನಿನಲ್ಲಿ ಧ್ವನಿಮುದ್ರಿಸಿಕೊಂಡಿದ್ದನು. ಫೋನು ಕೆಟ್ಟುಹೋಗುವುದಕ್ಕೆ ಮೊದಲು ಅವುಗಳನ್ನು ಈ ಲ್ಯಾಪ್‌ಟಾಪಿಗೆ ಇಳಿಸಿದ್ದನು. ಬೇರೆಲ್ಲಿಯೂ ಪ್ರತಿಯಿಲ್ಲ. “ಅಳಿಸುವಾಗ ಅದೂ ಹೋಗ್ತದೋ?” ಎಂದು ರಿಪೇರಿಯವನನ್ನು ಕೇಳಿದ್ದಕ್ಕೆ, “ಎಲ್ಲ ಎಂದರೆ ಎಲ್ಲ” ಎಂಬ ಉತ್ತರ ಬಂದಿತ್ತು.

ಆ ಸಂಜೆ ಲ್ಯಾಪ್‌ಟಾಪು ನಮ್ಮ ಮೇಜಿನ ಮೇಲೆ ಅರ್ಧ ಗಂಟೆಗಿಂತ ಹೆಚ್ಚು ಕಾಲ ಇರಲಿಲ್ಲ. ಒಂದು ಕಾಸೂ ಖರ್ಚಾಗಲಿಲ್ಲ. ಏನನ್ನೂ ಅಳಿಸಬೇಕಾಗಲಿಲ್ಲ. ಹೇಗೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ. ಏಕೆಂದರೆ ಈ ತರುಣನಿಗೆ ಬಂದ ತೊಂದರೆಯು ಇಂದು ನಮ್ಮವರಲ್ಲಿ ನೂರಾರು ಮಂದಿಗೆ ಬರತಕ್ಕ ತೊಂದರೆಯಾಗಿದೆ. ಹಿಂದಿನ ತಲೆಮಾರಿನ ಹೊಟೇಲು ಹುಡುಗರು ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಹಲಗೆಯೆದುರು ಕುಳಿತು ಕಲಿತರು. ಈಗಿನವರು ಅಂಗಡಿಯ ಬಾಗಿಲೆಳೆದ ಮೇಲೆ ಹಳೆಯ ಲ್ಯಾಪ್‌ಟಾಪೊಂದರ ಮುಂದೆ ಕುಳಿತು ಲೆಕ್ಕಪತ್ರವನ್ನೋ ಟ್ಯಾಲಿಯನ್ನೋ ಕಲಿಯುತ್ತಾರೆ. ಯಂತ್ರವು ಮುಷ್ಕರ ಹೂಡಿದರೆ ಅವರ ಪಾಠವೂ ನಿಂತಂತೆಯೇ.

ಮೊದಲು ಈ ‘ಸ್ಟೋರ್’ ಎಂದರೇನೆಂಬುದನ್ನು ತಿಳಿದಿರುವುದೊಳ್ಳೆಯದು. ಹಿಂದೆ ಕಂಪ್ಯೂಟರಿಗೆ ಹೊಸದೊಂದು ತಂತ್ರಾಂಶ ಬೇಕಾದರೆ ತಟ್ಟೆಯನ್ನು ಕೊಂಡು ತರಬೇಕಾಗಿತ್ತು, ಇಲ್ಲವೆ ಅಂತರ್ಜಾಲದಲ್ಲಿ ಹುಡುಕಿ ಇಳಿಸಿಕೊಳ್ಳಬೇಕಾಗಿತ್ತು. ಹಾಗೆ ಇಳಿಸುವಾಗ ಕಾಳಿನ ಸಂಗಡ ಕಲ್ಲೂ ಬರುತ್ತಿತ್ತೆಂಬುದನ್ನು ಬಲ್ಲವರು ಬಲ್ಲರು. ಆಪಲ್ ಸಂಸ್ಥೆಯವರು 2008ರಲ್ಲಿ ತಮ್ಮ ಫೋನಿನೊಳಗೇ ಒಂದು ಅಂಗಡಿಯನ್ನು ತೆರೆದರು. ಅದೇ ವರ್ಷ ಆಂಡ್ರಾಯ್ಡ್ ಫೋನುಗಳಿಗೂ ಅಂಥದೊಂದು ಬಂತು. ಅದೇ ಈಗಿನ ಪ್ಲೇ ಸ್ಟೋರ್. ಮೈಕ್ರೋಸಾಫ್ಟ್ ಸಂಸ್ಥೆಯವರು 2012ರ ಅಕ್ಟೋಬರದಲ್ಲಿ ವಿಂಡೋಸ್ 8 ಎಂಬ ಆವೃತ್ತಿಯ ಸಂಗಡ ‘ವಿಂಡೋಸ್ ಸ್ಟೋರ್’ ಎಂಬ ಅಂಗಡಿಯನ್ನು ಕಂಪ್ಯೂಟರಿನೊಳಗೇ ಇಟ್ಟರು. 2017ರಲ್ಲಿ ಅದರ ಹೆಸರನ್ನು ‘ಮೈಕ್ರೋಸಾಫ್ಟ್ ಸ್ಟೋರ್’ ಎಂದು ಬದಲಿಸಿದರು. ಪರದೆಯ ಕೆಳಗಿನ ಪಟ್ಟಿಯಲ್ಲಿ ಸಣ್ಣದೊಂದು ಕೈಚೀಲದ ಚಿತ್ರವಾಗಿ ಕಾಣುವುದು ಅದೇ. ವಿಂಡೋಸ್‌ನ ಪರದೆಯೆಲ್ಲ ಕನ್ನಡದಲ್ಲಿ ಕಾಣಿಸಿಕೊಳ್ಳಬೇಕೆಂದು ಬಯಸುವವರಿಗೆ ಬೇಕಾದ ಭಾಷಾ ಸಾಮಗ್ರಿಯೂ ಈ ಅಂಗಡಿಯಿಂದಲೇ ಬರುತ್ತದೆಂಬುದನ್ನು ನಮ್ಮ ವಾಚಕರು ಗಮನಿಸಬೇಕು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳುವುದು ಅವಶ್ಯ. ಸ್ಟೋರ್ ಎಂಬುದು ಕಂಪ್ಯೂಟರಿನೊಳಗಿನ ಹತ್ತಾರು ಆ್ಯಪುಗಳಲ್ಲಿ ಒಂದು ಮಾತ್ರ. ಹೊಟೇಲಿನ ಬೀಡದಂಗಡಿಯ ಬೀಗ ಕಚ್ಚಿಕೊಂಡರೆ ಹೊಟೇಲನ್ನೇ ಕೆಡವಿ ಕಟ್ಟುವವರುಂಟೇ? ಸ್ಟೋರ್ ತೆರೆಯದು ಎಂಬ ಒಂದೇ ಕಾರಣಕ್ಕೆ ಡಿಸ್ಕನ್ನೆಲ್ಲ ಅಳಿಸಿ ‘ಫಾರ್ಮ್ಯಾಟ್’ ಮಾಡುವುದು ಅಂಥ ಕೆಲಸ. ರಿಪೇರಿಯವರೆಲ್ಲರೂ ಮೋಸಗಾರರೆಂದು ನಾವು ಹೇಳುತ್ತಿಲ್ಲ. ಕಾರಣ ಹುಡುಕುವುದಕ್ಕೆ ಎರಡು ತಾಸು ಬೇಕಾಗಬಹುದು, ಅಳಿಸಿ ಹಾಕುವ ಕೆಲಸವನ್ನಾದರೋ ಯಂತ್ರವೇ ಮಾಡಿಕೊಳ್ಳುತ್ತದೆ. ಆದಕಾರಣ ಅವರು ಸುಲಭದ ದಾರಿಯನ್ನು ಹಿಡಿಯುತ್ತಾರೆ. ಅವರ ಸುಲಭ ನಮ್ಮ ನಷ್ಟವಾಗಬಾರದಷ್ಟೆ.

ಇನ್ನು ಆ ತರುಣನ ಯಂತ್ರದ ವಿಚಾರ. ಕೈಚೀಲದ ಚಿತ್ರವನ್ನೊತ್ತಿದರೆ ಕಿಟಕಿ ತೆರೆಯುತ್ತಿತ್ತು, ಚಕ್ರವೊಂದು ಸುತ್ತುತ್ತಿತ್ತು, ಬಳಿಕ ಸಂಪರ್ಕ ಸಾಧ್ಯವಾಗಲಿಲ್ಲವೆಂಬ ಸಂದೇಶದ ಕೆಳಗೆ ಒಂದು ಸಂಖ್ಯೆ ಕಾಣಿಸುತ್ತಿತ್ತು: ಸೊನ್ನೆ, ಎಕ್ಸ್, 80072, ಎಫ್, 8, ಎಫ್. ಇಂಥ ಸಂಖ್ಯೆ ಕಂಡೊಡನೆ ಹೆದರುವವರೇ ಹೆಚ್ಚು. ವಾಸ್ತವವಾಗಿ ಅದು ವೈದ್ಯನಿಗೆ ರೋಗಿಯು ಹೇಳುವ ಮಾತಿದ್ದಂತೆ. ಅದನ್ನು ಬರೆದಿಟ್ಟುಕೊಂಡರೆ ಅರ್ಧ ಕೆಲಸ ಆದಂತೆಯೇ. ಈ ನಿರ್ದಿಷ್ಟ ಸಂಖ್ಯೆಯ ಅರ್ಥವೇನೆಂದರೆ, ಸುರಕ್ಷಿತ ಸಂಪರ್ಕವನ್ನು ಏರ್ಪಡಿಸಲು ಹೋಗಿ ಯಂತ್ರವು ಸೋತಿದೆ ಎಂಬುದು.

“ಬ್ರೌಸರಿನಲ್ಲಿ ಬೇರೆ ಪುಟಗಳು ಬರುತ್ತವೆಯೋ?” ಎಂದು ಕೇಳಿದೆವು. ಅವುಗಳೂ ‘ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ’ ಎಂಬ ಎಚ್ಚರಿಕೆಯನ್ನು ತೋರಿಸುತ್ತಿದ್ದುವಂತೆ. ಹೊಟೇಲಿನ ವೈಫೈ ಸರಿಯಿಲ್ಲವೆಂದು ತಿಳಿದು ಅವನು ಸುಮ್ಮನಿದ್ದನು. ಹೇಗೂ ಓಡಾಟದ ಕೆಲಸಕ್ಕೆಲ್ಲ ಹೊಸ ಫೋನು ಇತ್ತು. ಈ ಮಾತು ಕೇಳಿದ ಕೂಡಲೆ ನಮ್ಮ ದೃಷ್ಟಿ ಪರದೆಯ ಬಲಗಡೆಯ ಕೆಳಮೂಲೆಗೆ ಹೋಯಿತು. ಗಂಟೆ ಸರಿಯಾಗಿತ್ತು, ದಿನಾಂಕ ಸರಿಯಾಗಿತ್ತು, ತಿಂಗಳೂ ಸರಿಯಾಗಿತ್ತು. ಇಸವಿ ಮಾತ್ರ 2021!

ನಡೆದದ್ದಿಷ್ಟು. ಕೈಯಿಂದ ಕೈಗೆ ದಾಟಿ ಬಂದ ಆ ಹಳೆಯ ಲ್ಯಾಪ್‌ಟಾಪು ಅವನು ಊರಿಗೆ ಹೋದಾಗ ಪೆಟ್ಟಿಗೆಯಲ್ಲಿ ಬಹಳ ದಿನ ಬಿದ್ದಿತ್ತು. ಯಂತ್ರದೊಳಗೆ ಗಡಿಯಾರವನ್ನು ನಡೆಸುವುದಕ್ಕೆಂದೇ ಒಂದು ಚಿಕ್ಕ ಶಕ್ತಿಮೂಲವಿರುತ್ತದೆ. ಅದು ಬತ್ತಿಹೋದರೆ ದಿನಾಂಕವು ಹಿಂದಿನ ಯಾವುದೋ ಕಾಲಕ್ಕೆ ಓಡಿಹೋಗುತ್ತದೆ. ತರುಣನು ಅದನ್ನು ಕಂಡು, ಸ್ವಯಂಚಾಲಿತವಾಗಿ ಸಮಯ ಹೊಂದಿಸಿಕೊಳ್ಳುವ ಗುಂಡಿಯನ್ನು ಆರಿಸಿ, ತನ್ನ ಕೈಯಿಂದಲೇ ಗಂಟೆ, ದಿನ, ತಿಂಗಳುಗಳನ್ನು ತಿದ್ದಿದ್ದನು. ಇಸವಿಯನ್ನು ತಿದ್ದುವುದು ಮರೆತಿತ್ತು. ಗಡಿಯಾರ ನೋಡುವವರು ಇಸವಿಯನ್ನೆಲ್ಲಿ ನೋಡುತ್ತಾರೆ?

ಇಸವಿ ತಪ್ಪಿದರೆ ಅಂಗಡಿಯ ಬಾಗಿಲೇಕೆ ಮುಚ್ಚಬೇಕೆಂದು ವಾಚಕರು ಕೇಳಬಹುದು. ಲೋಕಲ್ ರೈಲಿನ ಪಾಸು ನಮ್ಮೆಲ್ಲರ ಕಿಸೆಯಲ್ಲಿಯೂ ಇದ್ದುದೇ ಅಲ್ಲವೆ? ಅದರ ಮೇಲೆ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಮುದ್ರಿತವಾಗಿರುತ್ತದೆ. ಅಂತರ್ಜಾಲದಲ್ಲಿ ಪ್ರತಿಯೊಂದು ಪ್ರಾಮಾಣಿಕ ತಾಣವೂ ಅಂಥದೇ ಒಂದು ಪ್ರಮಾಣಪತ್ರವನ್ನು ತೋರಿಸಬೇಕು. ಅದಕ್ಕೂ ಆರಂಭದ ದಿನ, ಮುಕ್ತಾಯದ ದಿನಗಳುಂಟು. ಸ್ಟೋರ್ ತೆರೆಯುವಾಗ ನಮ್ಮ ಕಂಪ್ಯೂಟರು ಮೈಕ್ರೋಸಾಫ್ಟ್‌ನವರ ಯಂತ್ರದ ಪ್ರಮಾಣಪತ್ರವನ್ನು ಪರೀಕ್ಷಿಸುತ್ತದೆ. ಟಿಕೇಟು ತಪಾಸಣೆಯವರ ಕೈಯಲ್ಲಿ 2021ರ ಪಂಚಾಂಗವಿದ್ದರೆ, ಈ ತಿಂಗಳ ಹೊಚ್ಚ ಹೊಸ ಪಾಸೂ ಅವರ ಕಣ್ಣಿಗೆ ಸುಳ್ಳು ಪಾಸಾಗಿಯೇ ಕಾಣುವುದು. ತಪ್ಪು ಪಾಸಿನದಲ್ಲ, ಪಂಚಾಂಗದ್ದು. ಅದರಂತೆಯೇ ಇಲ್ಲಿ ಕಂಪ್ಯೂಟರು ಸಾಚಾ ಅಂಗಡಿಯನ್ನು ಖೋಟಾ ಎಂದು ಭಾವಿಸಿ ಒಳಗೆ ಹೋಗಲು ನಿರಾಕರಿಸುತ್ತಿತ್ತು. ಯಂತ್ರವು ತನ್ನ ಯಜಮಾನನನ್ನು ಕಾಪಾಡುತ್ತಿರುವೆನೆಂದೇ ತಿಳಿದಿತ್ತು, ಪಾಪ.

ಇದನ್ನು ಸರಿಪಡಿಸುವ ಬಗೆ ಅತಿ ಸುಲಭ. ‘ಸೆಟ್ಟಿಂಗ್ಸ್’ ತೆರೆದು, ‘ಟೈಮ್ ಆ್ಯಂಡ್ ಲ್ಯಾಂಗ್ವೇಜ್’ ಎಂಬಲ್ಲಿ ‘ಡೇಟ್ ಆ್ಯಂಡ್ ಟೈಮ್’ ಎಂಬುದನ್ನು ಆರಿಸಬೇಕು. ಮೊದಲು ಇಸವಿಯನ್ನು ಕೈಯಿಂದ ತಿದ್ದಿ, ಬಳಿಕ ‘ಸೆಟ್ ಟೈಮ್ ಆಟೊಮ್ಯಾಟಿಕಲಿ’ ಎಂಬ ಗುಂಡಿಯನ್ನು ಹೊತ್ತಿಸಿ, ಕೆಳಗಿರುವ ‘ಸಿಂಕ್ ನೌ’ ಎಂಬುದನ್ನು ಒತ್ತಬೇಕು. ಮೊದಲು ಕೈಯಿಂದ ತಿದ್ದುವುದೇಕೆಂದರೆ, ಅಂತರ ವರ್ಷಗಟ್ಟಲೆ ಇರುವಾಗ ಯಂತ್ರವು ತಾನಾಗಿ ತಿದ್ದಿಕೊಳ್ಳದಿರುವುದೂ ಉಂಟು. ಅಲ್ಲಿಯೇ ಕಾಲವಲಯವನ್ನೂ ನೋಡತಕ್ಕದ್ದು. ಜಾಗತಿಕ ಕಾಲಕ್ಕೆ ಐದೂವರೆ ತಾಸು ಮುಂದಿರುವ ನಮ್ಮ ವಲಯವನ್ನು ಅಲ್ಲಿ ‘ಚೆನ್ನೈ, ಕೋಲ್ಕತಾ, ಮುಂಬಯಿ, ನವದೆಹಲಿ’ ಎಂದು ನಾಲ್ಕು ಊರುಗಳ ಹೆಸರಿನಿಂದ ಗುರುತಿಸಿದ್ದಾರೆ. ಬೆಂಗಳೂರಿಗೆ ಅಲ್ಲಿ ಸ್ಥಾನವಿಲ್ಲ. ಹೊರನಾಡಿನ ನಮಗೆ ಮಾತ್ರ ಆ ಪಟ್ಟಿಯಲ್ಲಿ ಯಥೇಷ್ಟ ಸ್ಥಾನ ದೊರೆತಿದೆಯೆಂದು ನಗುವವರು ನಗಬಹುದು.

ಇಸವಿ ತಿದ್ದಿ ಯಂತ್ರವನ್ನೊಮ್ಮೆ ಆರಿಸಿ ಹೊತ್ತಿಸಿದೆವು. ಕೈಚೀಲವನ್ನೊತ್ತಿದೊಡನೆ ಅಂಗಡಿ ತೆರೆದುಕೊಂಡಿತು.

ಹೊಟೇಲಿನ ಗಲ್ಲೆಯಲ್ಲಿ ಬಿಲ್ಲು ಮಾಡುವ ದೊಡ್ಡ ಪೆಟ್ಟಿಗೆಯ ಕಂಪ್ಯೂಟರುಗಳಲ್ಲಿ ಈ ರೋಗ ಇನ್ನೂ ಸಾಮಾನ್ಯ. ರಾತ್ರಿ ಅಂಗಡಿ ಮುಚ್ಚುವಾಗ ಮುಖ್ಯ ಸ್ವಿಚ್ಚನ್ನು ಆರಿಸಿ ಹೋಗುವುದು ನಮ್ಮಲ್ಲಿ ರೂಢಿ. ಒಳಗಿನ ನಾಣ್ಯದಾಕಾರದ ಬ್ಯಾಟರಿಯು ಬತ್ತಿದ್ದರೆ ದಿನಬೆಳಗಾದರೆ ದಿನಾಂಕ ತಪ್ಪಿರುತ್ತದೆ. ದಿನವೂ ತಿದ್ದುತ್ತಾ ಕೂರುವುದಕ್ಕಿಂತ ಆ ಬ್ಯಾಟರಿಯನ್ನು ಬದಲಿಸುವುದು ಲೇಸು. ಬಹುತೇಕ ದೊಡ್ಡ ಪೆಟ್ಟಿಗೆಗಳಲ್ಲಿ ಅದು ‘ಸಿ ಆರ್ 2032’ ಎಂಬ ಹೆಸರಿನದು: 20 ಮಿಲಿಮೀಟರು ಅಗಲ, 3.2 ಮಿಲಿಮೀಟರು ದಪ್ಪ, 3 ವೋಲ್ಟು. ಕೈಗಡಿಯಾರ ರಿಪೇರಿ ಮಾಡುವವರಲ್ಲಿಯೂ ದೊರೆಯುತ್ತದೆ. ಲ್ಯಾಪ್‌ಟಾಪಿನಲ್ಲಾದರೋ ಅದು ತಂತಿಯ ಮೂಲಕ ಒಳಗೆ ಅಡಗಿರುವುದರಿಂದ ಬಲ್ಲವರ ಕೈಯಿಂದಲೇ ಬದಲಿಸಿಕೊಳ್ಳಬೇಕು.

ದಿನಾಂಕ ಸರಿಯಿದ್ದರೂ ಅಂಗಡಿ ತೆರೆಯದೆ ಇರುವ ಸಂದರ್ಭಗಳು ಅನೇಕ. ಕೆಲವೊಮ್ಮೆ ಕಿಟಕಿ ಮಿಂಚಿ ಮಾಯವಾಗುತ್ತದೆ. ಕೆಲವೊಮ್ಮೆ ಚಕ್ರ ಸುತ್ತುತ್ತಲೇ ಇರುತ್ತದೆ. ಅಂಥಲ್ಲಿ ಎರಡನೆಯ ಸಂಶಯವು ಹಳಸಿದ ಸಂಗ್ರಹದ ಮೇಲೆ ಹೋಗಬೇಕು. ಪ್ರತಿ ಸಾರಿ ಎಲ್ಲವನ್ನೂ ದೂರದಿಂದ ತರಿಸುವ ಬದಲು ಸ್ಟೋರ್ ಕೆಲವು ಸಾಮಗ್ರಿಗಳನ್ನು ನಮ್ಮ ಯಂತ್ರದಲ್ಲಿಯೇ ಕೂಡಿಟ್ಟುಕೊಂಡಿರುತ್ತದೆ. ಇದಕ್ಕೆ ‘ಕ್ಯಾಶ್’ ಎನ್ನುತ್ತಾರೆ; ಗಲ್ಲೆಯ ಕ್ಯಾಶಿಗೂ ಇದಕ್ಕೂ ಸಂಬಂಧವಿಲ್ಲ. ನಿನ್ನೆಯ ಚಟ್ನಿಯನ್ನು ಇಂದಿನ ದೋಸೆಗೆ ಬಡಿಸಿದರೆ ಗಿರಾಕಿ ಎದ್ದು ಹೋಗುವಂತೆ, ಆ ಸಂಗ್ರಹ ಕೆಟ್ಟರೆ ಸ್ಟೋರ್ ಕೂಡ ಎದ್ದು ಹೋಗುತ್ತದೆ.

ಅದನ್ನು ಚೆಲ್ಲಿ ಪಾತ್ರೆ ತೊಳೆಯುವುದಕ್ಕೆಂದೇ ವಿಂಡೋಸ್‌ನಲ್ಲಿ ಒಂದು ಚಿಕ್ಕ ಉಪಕರಣವನ್ನಿಟ್ಟಿದ್ದಾರೆ. ಕೀಲಿಮಣೆಯಲ್ಲಿ ವಿಂಡೋಸ್‌ನ ಗುರುತುಳ್ಳ ಕೀಲಿಯನ್ನು ಹಿಡಿದುಕೊಂಡು ಆರ್ ಅಕ್ಷರವನ್ನೊತ್ತಿದರೆ ‘ರನ್’ ಎಂಬ ಸಣ್ಣ ಪೆಟ್ಟಿಗೆ ಬರುತ್ತದೆ. ಅದರಲ್ಲಿ ಡಬ್ಲ್ಯು, ಎಸ್ ಎಂಬ ಎರಡಕ್ಷರಗಳನ್ನೂ ಅವಕ್ಕೆ ಅಂಟಿಕೊಂಡಂತೆ, ನಡುವೆ ತೆರಪು ಬಿಡದೆ, ರೀಸೆಟ್ ಎಂಬ ಶಬ್ದವನ್ನೂ ಇಂಗ್ಲಿಷಿನಲ್ಲಿ ಬರೆದು ಎಂಟರ್ ಒತ್ತಬೇಕು. ಕಪ್ಪು ಕಿಟಕಿಯೊಂದು ತೆರೆದು, ಒಂದಕ್ಷರವನ್ನೂ ತೋರಿಸದೆ ಸ್ವಲ್ಪ ಹೊತ್ತು ನಿಲ್ಲುತ್ತದೆ. ಕೆಟ್ಟೇ ಹೋಯಿತೆಂದು ಅದನ್ನು ಮುಚ್ಚಬಾರದು. ತಾನಾಗಿ ಮುಚ್ಚಿಕೊಂಡು ಸ್ಟೋರ್ ತೆರೆಯುವವರೆಗೂ ಕಾಯಬೇಕು. ಇದರಿಂದ ನಮ್ಮ ಕಡತಗಳಾಗಲಿ, ಈಗಾಗಲೆ ಹಾಕಿಕೊಂಡ ಆ್ಯಪುಗಳಾಗಲಿ ಅಳಿಯುವುದಿಲ್ಲ. ನಮ್ಮ ಅನುಭವದಲ್ಲಿ ಅರ್ಧಕ್ಕರ್ಧ ತಕರಾರುಗಳು ದಿನಾಂಕ ಮತ್ತು ಈ ತೊಳೆಯುವಿಕೆ ಎಂಬ ಎರಡರಿಂದಲೇ ತೀರುತ್ತವೆ.

ತೀರದಿದ್ದರೆ, ‘ಸೆಟ್ಟಿಂಗ್ಸ್’ನಲ್ಲಿ ಮೈಕ್ರೋಸಾಫ್ಟ್ ಸ್ಟೋರನ್ನು ಹುಡುಕಿ, ಅದರ ಪಕ್ಕದ ಮೂರು ಚುಕ್ಕೆಗಳನ್ನೊತ್ತಿ ‘ಅಡ್ವಾನ್ಸ್‌ಡ್ ಆಪ್ಷನ್ಸ್’ಗೆ ಹೋಗಬೇಕು. ಅಲ್ಲಿ ‘ರಿಪೇರ್’, ‘ರೀಸೆಟ್’ ಎಂಬ ಎರಡು ಗುಂಡಿಗಳಿವೆ. ರಿಪೇರನ್ನು ಮೊದಲು ಪ್ರಯತ್ನಿಸತಕ್ಕದ್ದು. ಅದು ಏನನ್ನೂ ಅಳಿಸದು. ರೀಸೆಟ್ಟಾದರೋ ಸ್ಟೋರ್ ತನ್ನೊಳಗಿಟ್ಟುಕೊಂಡ ವಿವರಗಳನ್ನು ಅಳಿಸುತ್ತದೆ, ಮರಳಿ ಸೈನ್ ಇನ್ ಆಗಬೇಕಾದೀತು. ಇಲ್ಲಿ ರೀಸೆಟ್ ಎಂಬ ಶಬ್ದ ಕಂಡು ಬೆದರಬೇಕಾದುದಿಲ್ಲ. ಅದು ಸ್ಟೋರ್‌ಗೆ ಮಾತ್ರ ಸಂಬಂಧಪಟ್ಟ ರೀಸೆಟ್ಟೇ ಹೊರತು ಯಂತ್ರಕ್ಕೆ ಸಂಬಂಧಪಟ್ಟುದಲ್ಲ.

ನಮ್ಮ ಹುಡುಗರಲ್ಲಿ ಮತ್ತೊಂದು ಅಭ್ಯಾಸವನ್ನು ನಾವು ಕಂಡಿದ್ದೇವೆ. ಫೋನಿನ ಹಾಟ್‌ಸ್ಪಾಟಿನಿಂದ ಲ್ಯಾಪ್‌ಟಾಪಿಗೆ ಅಂತರ್ಜಾಲ ಕೊಡುವವರು, ವಿಂಡೋಸ್ ಅಪ್‌ಡೇಟು ದಿನದ ಡೇಟಾವನ್ನೆಲ್ಲ ನುಂಗಿಬಿಡುತ್ತದೆಂದು ಕೋಪಗೊಂಡು, ಯಾರೋ ಹೇಳಿಕೊಟ್ಟ ಉಪಾಯದಿಂದ ಅಪ್‌ಡೇಟಿನ ಸೇವೆಯನ್ನೇ ನಿಲ್ಲಿಸಿಬಿಡುತ್ತಾರೆ. ಕೋಪ ನ್ಯಾಯವಾದುದೇ. ಆದರೆ ಸ್ಟೋರ್ ತನ್ನ ಸಾಮಾನನ್ನು ತರಿಸಿಕೊಳ್ಳುವುದೂ ಅದೇ ಸೇವೆಯ ಮೂಲಕ. ಹಾಲಿನವನ ಮೇಲಿನ ಸಿಟ್ಟಿನಿಂದ ಹಿಂಬಾಗಿಲನ್ನು ಮುಚ್ಚಿದರೆ ತರಕಾರಿಯವನೂ ಬರಲಾರನು. ಅಂಥವರು ‘ಸ್ಟಾರ್ಟ್’ನಲ್ಲಿ ‘ಸರ್ವಿಸಸ್’ ಎಂದು ಬರೆದು, ತೆರೆಯುವ ಉದ್ದ ಪಟ್ಟಿಯಲ್ಲಿ ‘ವಿಂಡೋಸ್ ಅಪ್‌ಡೇಟ್’ ಎಂಬುದನ್ನು ಎರಡು ಸಲ ಒತ್ತಿ, ‘ಡಿಸೇಬಲ್ಡ್’ ಎಂದಿದ್ದರೆ ‘ಮ್ಯಾನ್ಯುಅಲ್’ ಎಂದು ಬದಲಿಸಿ, ‘ಸ್ಟಾರ್ಟ್’ ಗುಂಡಿಯನ್ನು ಒತ್ತಬೇಕು. ಡೇಟಾ ಉಳಿಸುವುದಕ್ಕೆ ಬೇರೆ ಮಾರ್ಗವಿದೆ: ಹಾಟ್‌ಸ್ಪಾಟಿನ ಸಂಪರ್ಕವನ್ನು ‘ಮೀಟರ್ಡ್ ಕನೆಕ್ಷನ್’ ಎಂದು ಗುರುತಿಸಿಟ್ಟರೆ ಯಂತ್ರವು ಮಿತವ್ಯಯದಿಂದ ನಡೆದುಕೊಳ್ಳುತ್ತದೆ.

ವಿ ಪಿ ಎನ್ ಎಂಬ ಮುಸುಕನ್ನು ಹಾಕಿಕೊಂಡಿದ್ದರೆ ಅದನ್ನು ತೆಗೆದು ನೋಡಬೇಕು. ‘ನೆಟ್‌ವರ್ಕ್’ ವಿಭಾಗದಲ್ಲಿ ‘ಪ್ರಾಕ್ಸಿ’ ಹೊತ್ತಿಕೊಂಡಿದ್ದರೆ, ಅದನ್ನು ನಾವೇ ಹಾಕಿದ್ದಲ್ಲವಾದರೆ, ಆರಿಸಬೇಕು. ಸಿ ಡಿಸ್ಕಿನಲ್ಲಿ ಕಾಲಿಡಲು ಸ್ಥಳವಿಲ್ಲದಷ್ಟು ತುಂಬಿದ್ದರೆ ಅನವಶ್ಯಕವಾದುದನ್ನು ತೆಗೆಯಬೇಕು. ಇವುಗಳ ಬಗ್ಗೆ ಹೆಚ್ಚು ಬರೆಯಬೇಕಾದುದಿಲ್ಲ.

ಆಫೀಸುಗಳಲ್ಲಿ ದುಡಿಯುವ ನಮ್ಮ ಗುಮಾಸ್ತ ಮಿತ್ರರಿಗೆ ಒಂದು ಪ್ರತ್ಯೇಕ ಮಾತು. ನಿಮ್ಮ ಕಚೇರಿಯ ಕಂಪ್ಯೂಟರಿನಲ್ಲಿ ಸ್ಟೋರ್ ‘ಬ್ಲಾಕ್’ ಆಗಿದೆ, ಆಡಳಿತದವರನ್ನು ಕೇಳಿರಿ ಎಂಬ ಸಂದೇಶವೂ ಸೊನ್ನೆ, ಎಕ್ಸ್, 800704, ಇ, ಸಿ ಎಂಬ ಸಂಖ್ಯೆಯೂ ಕಂಡರೆ, ಅದು ರೋಗವಲ್ಲ; ಕಚೇರಿಯವರು ಬೇಕೆಂದೇ ಹಾಕಿದ ಬೀಗ. ಕಚೇರಿಯ ಯಂತ್ರಗಳಲ್ಲಿ ಕಂಡಕಂಡ ಆ್ಯಪುಗಳು ಸೇರಬಾರದೆಂಬ ಕಟ್ಟಳೆಯಿಂದ ಹಾಗೆ ಮಾಡಿರುತ್ತಾರೆ. ಆ ಬೀಗವನ್ನು ಮುರಿಯುವ ಉಪಾಯಗಳನ್ನು ಹೇಳಿಕೊಡುವ ವಿಡಿಯೋಗಳು ಹೇರಳವಾಗಿವೆ. ಅವುಗಳನ್ನು ಪ್ರಯೋಗಿಸಿ ನೋಟೀಸು ಪಡೆಯುವುದು ಜಾಣತನವಲ್ಲ. ಕಂಪ್ಯೂಟರು ನೋಡಿಕೊಳ್ಳುವವರಿಗೆ ಎರಡು ಸಾಲು ಬರೆದು ಕೇಳಿರಿ. ಕೆಲಸಕ್ಕೆ ಅವಶ್ಯವಾದುದನ್ನು ಅವರೇ ಹಾಕಿಕೊಡುವರು.

ಇಷ್ಟೆಲ್ಲಾ ಮಾಡಿದಾಗ್ಯೂ ತೆರೆಯದಿದ್ದರೆ ವಿಂಡೋಸ್‌ನ ಕಡತಗಳೇ ಕೆಟ್ಟಿರಬಹುದು. ‘ಸ್ಟಾರ್ಟ್’ನಲ್ಲಿ ‘ಕಮಾಂಡ್ ಪ್ರಾಂಪ್ಟ್’ ಎಂಬುದನ್ನು ಹುಡುಕಿ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಎಂದು ತೆರೆದು, ಎಸ್ ಎಫ್ ಸಿ ಎಂಬ ಮೂರಕ್ಷರ, ಒಂದು ತೆರಪು, ಮುಂದಕ್ಕೆ ಬಾಗಿದ ಓರೆಗೆರೆ, ಅದಕ್ಕಂಟಿ ಸ್ಕ್ಯಾನ್‌ನೌ ಎಂದು ಬರೆದು ಎಂಟರ್ ಒತ್ತಿದರೆ ಯಂತ್ರವು ತನ್ನ ಕಡತಗಳನ್ನು ತಾನೇ ಪರೀಕ್ಷಿಸಿ ಕೆಟ್ಟುದನ್ನು ಬದಲಿಸಿಕೊಳ್ಳುತ್ತದೆ. ನೂರು ಶೇಕಡಾ ಆಗುವವರೆಗೆ ಕಾಯಬೇಕು. ಚಹಾ ಕುಡಿದು ಬರುವಷ್ಟು ಹೊತ್ತು. ಅದಕ್ಕೂ ಬಗ್ಗದಿದ್ದರೆ, ಸೆಟ್ಟಿಂಗ್ಸ್‌ನ ‘ಅಕೌಂಟ್ಸ್’ನಲ್ಲಿ ಹೊಸ ಬಳಕೆದಾರನೊಬ್ಬನನ್ನು ಸೃಷ್ಟಿಸಿ, ಅವನ ಹೆಸರಿನಿಂದ ಒಳಹೊಕ್ಕು ಸ್ಟೋರನ್ನು ತೆರೆದು ನೋಡಬೇಕು. ಅಲ್ಲಿ ತೆರೆದರೆ, ಯಂತ್ರ ಸರಿಯಾಗಿದೆ, ನಮ್ಮ ಹಳೆಯ ಖಾತೆಯ ಏರ್ಪಾಡು ಮಾತ್ರ ಕೆಟ್ಟಿದೆಯೆಂದು ನಿಶ್ಚಯಿಸಬಹುದು. ಇದಕ್ಕಿಂತ ಮುಂದಿನ ಉಪಾಯಗಳಲ್ಲಿ ಒಂದು ಗೇಣುದ್ದದ ಆಜ್ಞೆಯೊಂದನ್ನು ಬರೆಯಬೇಕಾಗುತ್ತದೆ. ಅದರಲ್ಲಿ ಒಂದು ಚುಕ್ಕೆ ತಪ್ಪಿದರೂ ನಡೆಯದು. ಅದನ್ನು ಬಲ್ಲವರಿಗೇ ಬಿಡುವುದು ವಿಹಿತ.

ಅಗ್ಗದ ಹೊಸ ಲ್ಯಾಪ್‌ಟಾಪು ಕೊಂಡವರು ಒಂದು ವಿಚಿತ್ರವನ್ನು ತಿಳಿದಿರಬೇಕು. ಅವುಗಳಲ್ಲಿ ಕೆಲವು ‘ಎಸ್ ಮೋಡ್’ ಎಂಬ ಕಟ್ಟುಪಾಡಿನಲ್ಲಿ ಬರುತ್ತವೆ. ಆ ಕಟ್ಟುಪಾಡಿನಲ್ಲಿರುವ ಯಂತ್ರವು ಸ್ಟೋರ್‌ನಿಂದ ಬಂದ ಆ್ಯಪುಗಳನ್ನಲ್ಲದೆ ಬೇರಾವುದನ್ನೂ ಸೇರಿಸಿಕೊಳ್ಳುವುದಿಲ್ಲ. ಮೇಲೆ ಹೇಳಿದ ಕಮಾಂಡ್ ಪ್ರಾಂಪ್ಟ್ ಕೂಡ ಅಲ್ಲಿ ತೆರೆಯದು. ಈ ಕಟ್ಟುಪಾಡಿನಿಂದ ಹೊರಬರಲು ಹಣ ಕೊಡಬೇಕಾದುದಿಲ್ಲ, ಒಮ್ಮೆ ಹೊರಬಂದರೆ ಮರಳಿ ಹೋಗಲೂ ಆಗದು. ಆದರೆ ಹೊರಬರುವ ಗುಂಡಿಯಿರುವುದೆಲ್ಲಿ? ಅದೇ ಸ್ಟೋರ್‌ನ ಒಳಗೆ! ಬೀಗದ ಕೈಯನ್ನು ಒಳಗಿಟ್ಟು ಬಾಗಿಲೆಳೆದಂತಾಯಿತು. ಆದುದರಿಂದ ಅಂಥ ಯಂತ್ರವನ್ನು ಕೊಂಡವರು ಅಂಗಡಿ ಸರಿಯಾಗಿ ತೆರೆಯುತ್ತಿರುವಾಗಲೇ, ಎಸ್ ಮೋಡ್ ಬೇಕೋ ಬೇಡವೋ ಎಂಬುದನ್ನು ನಿರ್ಧರಿಸಿಬಿಡುವುದೊಳಿತು. ಉಳಿದವರಿಗಾದರೋ ಸ್ಟೋರ್ ಒಂದೇ ಗತಿಯಲ್ಲ. ಎಷ್ಟೋ ಆ್ಯಪುಗಳು ಅವುಗಳನ್ನು ತಯಾರಿಸಿದವರ ಸ್ವಂತ ತಾಣದಲ್ಲಿಯೂ ಸಿಗುತ್ತವೆ. ನಾಳೆಯೇ ಪರೀಕ್ಷೆಯಿದ್ದರೆ ಇಂದು ಅಲ್ಲಿಂದ ಇಳಿಸಿಕೊಂಡು ಕೆಲಸ ಸಾಗಿಸಬಹುದು.

ಹಳೆಯ ಯಂತ್ರಗಳ ಪ್ರಸ್ತಾಪವನ್ನೂ ಮಾಡಬೇಕು. ವಿಂಡೋಸ್ 8.1ಕ್ಕೆ ಸಂಸ್ಥೆಯವರ ಬೆಂಬಲ 2023ರ ಜನವರಿ 10ರಂದೇ ಮುಗಿಯಿತು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ಮುಗಿದುದು 2025ರ ಅಕ್ಟೋಬರ್ 14ರಂದು. ಅಂಥ ಯಂತ್ರ ಒಡನೆ ನಿಂತುಹೋಗುವುದೆಂದಲ್ಲ. ಆದರೆ ದುರಸ್ತಿಯ ಹೊಸ ತೇಪೆಗಳು ರೂಢಿಯಂತೆ ಬರುವುದಿಲ್ಲ. ಹಳೆಯ ಲ್ಯಾಪ್‌ಟಾಪು ಕೊಳ್ಳುವವರು ಬೆಲೆ ಚೌಕಾಸಿ ಮಾಡುವ ಮೊದಲು ಅದರಲ್ಲಿ ಯಾವ ವಿಂಡೋಸ್ ಇದೆ, ಅದು 11ನೆಯ ಆವೃತ್ತಿಗೆ ಏರಬಲ್ಲುದೋ ಎಂದು ಕೇಳಬೇಕು.

ಈಗ ಎಲ್ಲಕ್ಕಿಂತ ಅಪಾಯದ ವಿಷಯ. ಸ್ಟೋರ್ ತೆರೆಯದಿದ್ದಾಗ ಅನೇಕರು ಮಾಡುವ ಮೊದಲ ಕೆಲಸವೆಂದರೆ ಅಂತರ್ಜಾಲದಲ್ಲಿ ‘ಕಸ್ಟಮರ್ ಕೇರ್ ನಂಬರ್’ ಎಂದು ಹುಡುಕಿ, ಮೊದಲು ಕಂಡ ಸಂಖ್ಯೆಗೆ ಫೋನು ಮಾಡುವುದು. ಆ ಕಡೆಯಿಂದ ಸವಿಮಾತಿನ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಮಾತಾಡುವವನು, ನಿಮ್ಮ ಪರದೆಯನ್ನು ತಾನು ದೂರದಿಂದ ನೋಡಬೇಕೆಂದು ಒಂದು ಆ್ಯಪನ್ನು ಹಾಕಿಸುತ್ತಾನೆ. ಆಮೇಲೆ ಹತ್ತೇ ಹತ್ತು ರೂಪಾಯಿಯ ಶುಲ್ಕ ಎನ್ನುತ್ತಾನೆ. ನೀವು ಬ್ಯಾಂಕಿನ ವಿವರ ಬರೆಯುವುದನ್ನೂ ಓ ಟಿ ಪಿ ಬರುವುದನ್ನೂ ಅವನು ಕುಳಿತಲ್ಲಿಂದಲೇ ನೋಡುತ್ತಿರುತ್ತಾನೆ. ಊರಿಗೆ ಕಳುಹಿಸಬೇಕೆಂದು ಖಾತೆಯಲ್ಲಿಟ್ಟಿದ್ದ ತಿಂಗಳ ಸಂಬಳ ಐದು ನಿಮಿಷದಲ್ಲಿ ಖಾಲಿ. ಮೈಕ್ರೋಸಾಫ್ಟ್‌ನವರ ದೋಷಸಂದೇಶಗಳಲ್ಲಿ ಫೋನ್ ನಂಬರು ಎಂದಿಗೂ ಇರುವುದಿಲ್ಲವೆಂದು ಅವರೇ ಪ್ರಕಟಿಸಿದ್ದಾರೆ. ಪರದೆಯ ತುಂಬ ಕೆಂಪು ಕಿಟಕಿ ಬಂದು ‘ಕೂಡಲೇ ಈ ಸಂಖ್ಯೆಗೆ ಕರೆಮಾಡಿ’ ಎಂದರೆ ಅದು ಮೋಸವೆಂದೇ ತಿಳಿಯತಕ್ಕದ್ದು. ಹಣ ಹೋಗಿಯೇಬಿಟ್ಟಿದ್ದರೆ ನಾಚಿಕೆಯಿಂದ ಮುಚ್ಚಿಡದೆ, ತಡಮಾಡದೆ 1930 ಎಂಬ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿಗೆ ತಿಳಿಸಬೇಕು, ಬ್ಯಾಂಕಿಗೂ ತಿಳಿಸಬೇಕು. ಎಷ್ಟು ಬೇಗ ತಿಳಿಸಿದರೆ ಹಣವನ್ನು ದಾರಿಯಲ್ಲೇ ತಡೆಯುವ ಸಂಭವ ಅಷ್ಟು ಹೆಚ್ಚು.

ಕೊನೆಗೂ ರಿಪೇರಿಗೆ ಕೊಡಲೇಬೇಕಾಗಿ ಬಂದರೆ, ಕೊಡುವ ಮುನ್ನ ಯಾವತ್ತೂ ಕಡತಗಳ ಪ್ರತಿಯನ್ನು ತೆಗೆದಿಡಬೇಕು. ವಿಂಡೋಸ್‌ನಲ್ಲಿಯೇ ‘ರೀಸೆಟ್ ದಿಸ್ ಪಿ ಸಿ’ ಎಂಬ ಏರ್ಪಾಡಿದ್ದು, ಅದರಲ್ಲಿ ‘ಕೀಪ್ ಮೈ ಫೈಲ್ಸ್’ ಎಂಬುದನ್ನು ಆರಿಸಿದರೆ ನಮ್ಮ ಸ್ವಂತ ಕಡತಗಳು ಉಳಿಯುತ್ತವೆ, ನಾವು ಹಾಕಿಕೊಂಡ ಆ್ಯಪುಗಳು ಹೋಗುತ್ತವೆ. ಉಳಿಯುತ್ತವೆಂಬ ಭರವಸೆಯಿದ್ದರೂ ಪ್ರತಿಯಿಲ್ಲದೆ ಆ ಗುಂಡಿಯನ್ನು ಒತ್ತಬಾರದೆಂದು ನಮ್ಮ ಸಲಹೆ. ಕರೆಂಟು ಹೋಗುವುದಕ್ಕೆ ಮುಹೂರ್ತ ಬೇಕಿಲ್ಲವಷ್ಟೆ.

ಆ ಸಂಜೆ ಅಂಗಡಿ ತೆರೆದುದನ್ನು ಕಂಡು ತರುಣನು ಲ್ಯಾಪ್‌ಟಾಪನ್ನು ಮಡಚಿ ಹೊರಡಲು ಅನುವಾದನು. “ಕೂತ್ಕೋ ತಮ್ಮಾ, ಇನ್ನೊಂದು ಕೆಲಸ ಉಂಟು” ಎಂದು ತಡೆದೆವು. ಕಚೇರಿಯಲ್ಲಿದ್ದ ಎರಡು ಪೆನ್‌ಡ್ರೈವುಗಳನ್ನು ತೆಗೆದು ಅವನ ತಂದೆಯವರ ಧ್ವನಿಮುದ್ರಿಕೆಗಳನ್ನೆಲ್ಲ ಎರಡರಲ್ಲಿಯೂ ಇಳಿಸಿದೆವು. ಸರಿಯಾಗಿ ಇಳಿದಿದೆಯೋ ಎಂದು ಪರೀಕ್ಷಿಸಲು ಒಂದನ್ನು ತೆರೆದಾಗ, ಚಂಡೆಮದ್ದಳೆಗಳ ಸದ್ದಡಗಿ ಹಿರಿಯರೊಬ್ಬರ ಗಂಭೀರ ಧ್ವನಿ ಕೇಳಿಬಂತು. ಕರ್ಣನ ಪಾತ್ರದ ಅರ್ಥ. ಪುಟ ಕಟ್ಟುತ್ತಿದ್ದವನು ಕೆಲಸ ನಿಲ್ಲಿಸಿ ಬಂದು ಕುರ್ಚಿಯ ಹಿಂದೆ ನಿಂತನು. ಪತ್ರಿಕೆ ಆ ದಿನ ಅಚ್ಚಿಗೆ ಹೋದುದು ಇಪ್ಪತ್ತು ನಿಮಿಷ ತಡವಾಗಿ.

ಒಂದು ಪೆನ್‌ಡ್ರೈವ್ ಅವನ ಟ್ರಂಕಿನಲ್ಲಿದೆ. ಇನ್ನೊಂದನ್ನು ಊರಿಗೆ ಹೋಗುವವರ ಕೈಯಲ್ಲಿ ಅಕ್ಕನಿಗೆ ಕಳುಹಿಸಿಕೊಟ್ಟನೆಂದು ಮೊನ್ನೆ ಬಂದು ಹೇಳಿದನು.